ಗಾಡಿಯ ಎಣ್ಣೆ: ನಾವು ತಪ್ಪಿದ್ದು, ಆಮೇಲೆ ತಿಳಿದದ್ದು



ಈ ಪುಟಗಳಲ್ಲಿ ಶರಣರ ಚರಿತ್ರೆ, ಹಬ್ಬ ಹರಿದಿನಗಳ ಆಚರಣೆ, ಮಕ್ಕಳ ವಿದ್ಯಾಭ್ಯಾಸ ಇವುಗಳನ್ನು ಕುರಿತು ಬರೆಯುತ್ತ ಬಂದಿರುವ ನಾವು ಈ ತಿಂಗಳು ಮೋಟಾರು ಸೈಕಲ್ಲಿನ ಎಣ್ಣೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವರು ನಕ್ಕಾರು. ನಗಲಿ. ಇಂದು ನಮ್ಮ ಸೀಮೆಯಲ್ಲಿ ಎತ್ತಿನ ಗಾಡಿಯಿಲ್ಲದ ಮನೆಗಳು ಬೇಕಾದಷ್ಟಿವೆ, ಬೈಕಿಲ್ಲದ ಮನೆ ಅಪರೂಪ. ಹಾಲು ಡೇರಿಗೆ ಹೋಗುವುದು ಅದರ ಮೇಲೆ, ಮಕ್ಕಳು ಶಾಲೆಗೆ ಹೋಗುವುದು ಅದರ ಮೇಲೆ, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದರ ಮೇಲೆಯೇ. ಇಷ್ಟೆಲ್ಲ ಹೊರುವ ಆ ಗಾಡಿಯ ಒಡಲಿನಲ್ಲಿ ಒಂದು ಲೀಟರಿನ ಆಸುಪಾಸು ಇರುವ ಎಣ್ಣೆಯನ್ನು ಮಾತ್ರ ಮನೆಯವರಾರೂ ಕಣ್ಣಾರೆ ನೋಡಿರುವುದಿಲ್ಲ. ನಾವೂ ನೋಡಿರಲಿಲ್ಲ. ನೋಡದೆಯೇ ಉಪದೇಶ ಮಾಡಿದೆವು. ಆ ಉಪದೇಶದ ಫಲವಾಗಿ ನಮ್ಮ ಮನೆಯ ಇಬ್ಬರು ರಸ್ತೆಯ ಬದಿಯ ಹಳ್ಳಕ್ಕೆ ಇಳಿಯಬೇಕಾಯಿತು. ನಡೆದದ್ದನ್ನು ನಡೆದಂತೆಯೇ ಹೇಳುತ್ತೇವೆ.

ಕೃಷ್ಣರಾಜನಗರ ಸೀಮೆಯ ಮಿರ್ಲೆಯಲ್ಲಿ ನಮ್ಮ ತಮ್ಮನ ಮನೆಯಿದೆ. ತಮ್ಮ ತೀರಿಕೊಂಡು ಕೆಲವು ವರ್ಷಗಳಾದುವು. ಅವನ ಮಗ ಭತ್ತದ ಗದ್ದೆಯನ್ನೂ ನಾಲ್ಕು ರಾಸುಗಳನ್ನೂ ನೋಡಿಕೊಂಡು ತಾಯಿಯೊಡನೆ ಇದ್ದಾನೆ. ಅವನು ಒಂದು ಹಳೆಯ ಬೈಕನ್ನು ಕೊಂಡ. ಕ್ರೂಸರ್ ಎನ್ನುವ ಜಾತಿಯದು. ಆಸನ ತಗ್ಗಿನಲ್ಲಿರುತ್ತದೆ, ಹ್ಯಾಂಡಲ್ಲು ಎತ್ತರವಾಗಿ ಸವಾರನ ಕಡೆಗೆ ಬಾಗಿರುತ್ತದೆ, ಕಾಲನ್ನು ತುಸು ಮುಂದಕ್ಕೆ ಚಾಚಿ ಕೂರಬೇಕು, ಗಾಲಿಯಿಂದ ಗಾಲಿಗೆ ಉದ್ದ ಹೆಚ್ಚು. ಹಿಂದೆ ಇಂಥ ಗಾಡಿಗಳೆಂದರೆ ಅಮೆರಿಕದ ಸಿನಿಮಾಗಳಲ್ಲಿ ನೋಡುವ ಭಾರಿ ಯಂತ್ರಗಳು. ನಮ್ಮ ದೇಶದಲ್ಲಿ ಸಾಮಾನ್ಯ ಸಂಸಾರಸ್ಥನ ಕೈಗೆ ಎಟಕುವ ಸಣ್ಣ ಕ್ರೂಸರ್ ಬಂದದ್ದು 2001ರಲ್ಲಿ, ಕವಾಸಕಿ ಬಜಾಜ್ ಎಲಿಮಿನೇಟರ್ ಎಂಬ ಹೆಸರಿನಲ್ಲಿ. 2005ರಲ್ಲಿ ಬಜಾಜ್ ಅವೆಂಜರ್ ಬಂದಿತು. 2020ರಲ್ಲಿ ರಾಯಲ್ ಎನ್‌ಫೀಲ್ಡಿನವರು ಮೀಟಿಯರ್ ತಂದರು. ಹುಡುಗರು ಇದನ್ನು ಠೀವಿಗಾಗಿ ಕೊಳ್ಳುತ್ತಾರೆಂದು ನಾವು ಭಾವಿಸಿದ್ದೆವು. ನಮ್ಮ ತಮ್ಮನ ಹೆಂಡತಿ ಬೇರೆಯದೇ ಕಾರಣ ಹೇಳಿದರು: "ಭಾವ, ಬೇರೆ ಗಾಡಿ ಹತ್ತೋಕೆ ನನಗೆ ಜಗಲಿ ಬೇಕು. ಇದಾದರೆ ನಿಂತಲ್ಲಿಂದಲೇ ಕೂತುಕೊಳ್ಳಬಹುದು." ಮಂಡಿನೋವಿರುವ ತಾಯಿಗಾಗಿ ಮಗ ಆರಿಸಿದ ಗಾಡಿ ಅದೆಂದು ಆಗ ತಿಳಿಯಿತು.

ಒಮ್ಮೆ ನಾವು ಮಿರ್ಲೆಗೆ ಹೊರಟಾಗ ಮೈಸೂರಿನ ಭಕ್ತರೊಬ್ಬರು ತಮ್ಮ ಕಾರಿಗೆ ತಂದು ಉಳಿದಿದ್ದ ಎಣ್ಣೆಯ ಡಬ್ಬಿಯೊಂದನ್ನು, ಊರಿನಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ನಮ್ಮ ಕೈಗಿತ್ತರು. ಸಿಂಥೆಟಿಕ್ ಆಯಿಲ್, ಬೆಲೆಯಂತೂ ಒಳ್ಳೆಯ ತುಪ್ಪಕ್ಕಿಂತ ಹೆಚ್ಚು. ಅದನ್ನು ತಮ್ಮನ ಮಗನಿಗೆ ಕೊಟ್ಟು, ಹಳೆಯ ಎಣ್ಣೆ ತೆಗೆದು ಇದನ್ನು ಹಾಕು ಎಂದೆವು. ಹುಡುಗ ಡಬ್ಬಿಯನ್ನು ತಿರುಗಿಸಿ ನೋಡಿ, "ದೊಡ್ಡಪ್ಪ, ಇದು ಕಾರಿನದಲ್ವಾ?" ಎಂದ. ನಾವು, "ಎಣ್ಣೆಗೆ ಕಾರು ಯಾವುದು ಬೈಕು ಯಾವುದು? ಜಾವಾ ಓಡಿಸಿದವರು ನಾವು, ನಮಗೆ ಗೊತ್ತಿಲ್ಲವೇ" ಎಂದು ಅವನ ಬಾಯಿ ಮುಚ್ಚಿಸಿದೆವು. ಹಿರಿಯರ ಮಾತು ಮೀರುವ ಹುಡುಗನಲ್ಲ. ಹಾಕಿದ.

ಆ ನಮ್ಮ ಭಂಡ ಧೈರ್ಯ ಎಲ್ಲಿಂದ ಬಂತೆಂಬುದನ್ನು ಹೇಳಿದರೆ ಮುಂದಿನ ಮಾತು ತಿಳಿಯುತ್ತದೆ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದುದು ನಮ್ಮ ತಲೆಮಾರಿನವರಿಗೆಲ್ಲ ನೆನಪಿರುತ್ತದೆ. ಇರಾನಿ ಮನೆತನದವರು ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದೊಡನೆ ಅದನ್ನು ನಡೆಸಿದರು. ಚೆಕೊಸ್ಲೊವಾಕಿಯಾ ದೇಶದ ಕಂಪನಿಯ ಪರವಾನಗಿ ಪಡೆದು 1960ರಿಂದ ಜಾವಾ ಎಂಬ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಅಲ್ಲಿಂದ ಹೊರಬಂದವು. ಜಾವಾ ಎಂದರೆ ದ್ವೀಪದ ಹೆಸರೆಂದು ನಾವು ಬಹುಕಾಲ ನಂಬಿದ್ದೆವು. ಅದು ಯಾನೆಚೆಕ್ ಎಂಬ ಚೆಕ್ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ 1929ರಲ್ಲಿ ಮಾಡಿದ ಹೆಸರು. ಕಿಕ್ ಹೊಡೆಯುವ ಕಾಲಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಗೇರು ಹಾಕುವ ಅಡ್ಡಿಯಾಗುತ್ತಿದ್ದುದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದುದು, ದೂರದಿಂದಲೇ ಗುರುತು ಸಿಕ್ಕುತ್ತಿದ್ದ ಆ ಸದ್ದು, ಇವನ್ನು ಬಲ್ಲವರು ಬಲ್ಲರು. ಮಠದ ಪಾಠಶಾಲೆಯಲ್ಲಿ ಓದು ಮುಗಿಸಿ ಹಳ್ಳಿಹಳ್ಳಿಗೆ ಪ್ರವಚನಕ್ಕೆ ಹೋಗತೊಡಗಿದ ಕಾಲದಲ್ಲಿ ನಮ್ಮ ಬಳಿ ಇಂಥದೊಂದು ಹಳೆಯ ಗಾಡಿಯಿತ್ತು. ಪಂಚೆಯನ್ನು ಎತ್ತಿ ಕಟ್ಟಿ ಅದನ್ನು ಓಡಿಸುತ್ತಿದ್ದುದನ್ನು ಕಂಡು ನಮ್ಮ ಗುರುಗಳು ನಗುತ್ತಿದ್ದರು, ಬೇಡವೆನ್ನುತ್ತಿರಲಿಲ್ಲ.

ಆ ಗಾಡಿಯದು ಎರಡು ಸ್ಟ್ರೋಕಿನ ಇಂಜಿನ್ನು. ಅದಕ್ಕೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ ನಲವತ್ತು ಮಿಲಿಯಂತೆ ಅಳೆದು ಹಾಕುವುದು ನಮ್ಮ ರೂಢಿಯಾಗಿತ್ತು. ಎಣ್ಣೆ ಪೆಟ್ರೋಲಿನೊಡನೆ ಒಳಹೊಕ್ಕು ಪಿಸ್ಟನ್ನಿಗೂ ಬೇರಿಂಗಿಗೂ ಸವರಿ, ಆಮೇಲೆ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಂಡು ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಹೆಚ್ಚಾದರೆ ಸೈಲೆನ್ಸರಿನ ತುಂಬ ಕರಿ ಕಟ್ಟುತ್ತಿತ್ತು. ಇದರಿಂದ ಒಂದು ಉಪಕಾರವೂ ಇತ್ತು. ಬಂಕಿಗೆ ಹೋದಾಗಲೆಲ್ಲ, ಬೇಕಾದರೂ ಬೇಡವಾದರೂ, ಎಣ್ಣೆಯ ಚಿಂತೆ ಮಾಡಲೇಬೇಕಾಗಿತ್ತು. ಹಾಕುವ ಎಣ್ಣೆ ಪ್ರತಿಸಲವೂ ಹೊಸದು. ಹಳೆಯದಾಗಿ ಕೆಡಲು ಅದಕ್ಕೆ ಅವಕಾಶವೇ ಇರಲಿಲ್ಲ. ಅದಕ್ಕೂ ಹಿಂದೆ, ನಾವು ಹುಡುಗರಾಗಿದ್ದಾಗ, ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ದೂರದ ಪಯಣಕ್ಕೆ ಹೊರಡುವ ಮುನ್ನ ಗಾಲಿಯನ್ನು ಸರಿಸಿ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆಯನ್ನು ಸವರದೆ ಯಾವ ಗಾಡಿಯವನೂ ಎತ್ತು ಕಟ್ಟುತ್ತಿರಲಿಲ್ಲ. (ಪ್ರಸಂಗವಶಾತ್ ಒಂದು ಮಾತು: ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಇಂಗ್ಲಿಷಿನಲ್ಲಿ ಹರಳೆಣ್ಣೆಗಿರುವ ಕ್ಯಾಸ್ಟರ್ ಆಯಿಲ್ ಎಂಬ ಹೆಸರಿನಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಮಾನದ ಇಂಜಿನ್ನುಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ನಮ್ಮ ರಾಗಿಹೊಲದ ಬದುವಿನ ಹರಳುಗಿಡಕ್ಕೆ ಅಷ್ಟು ದೊಡ್ಡ ಚರಿತ್ರೆಯಿದೆ.)

ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಬೇರೊಂದು ಕಂಪನಿಯ ಮೂಲಕ ಮತ್ತೆ ರಸ್ತೆಗೆ ಬಂದುವಾದರೂ ಆ ಹೊಸ ಗಾಡಿಗಳು ನಾಲ್ಕು ಸ್ಟ್ರೋಕಿನವು. ಇಂದು ಹಳ್ಳಿಯಲ್ಲಿ ಓಡುವ ಬೈಕುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎಣ್ಣೆ ಪೆಟ್ರೋಲಿನೊಡನೆ ಬೆರೆಯುವುದಿಲ್ಲ. ಅಡಿಯಲ್ಲಿ ನಿಂತಿದ್ದು, ಪಂಪಿನಿಂದ ಮೇಲಕ್ಕೇರಿ, ಎಲ್ಲವನ್ನೂ ತೋಯಿಸಿ ಮತ್ತೆ ಕೆಳಗಿಳಿಯುತ್ತದೆ. ತಿಂಗಳುಗಟ್ಟಲೆ ಅದೇ ಎಣ್ಣೆ ಸುತ್ತುತ್ತಿರುತ್ತದೆ. ಬಂಕಿನಲ್ಲಿ ಅದನ್ನು ಯಾರೂ ನೆನಪಿಸುವುದಿಲ್ಲ. ಕಣ್ಣಿಗೆ ಬೀಳದ್ದರಿಂದ ಅದು ಮನಸ್ಸಿನಿಂದಲೂ ಜಾರುತ್ತದೆ. ನಮಗಂತೂ ಹಳೆಯ ವಿದ್ಯೆಯ ಗರ್ವವೊಂದು ಉಳಿದಿತ್ತು, ವಿದ್ಯೆ ಹಳತಾಗಿತ್ತು.

ಹೊಸ ಎಣ್ಣೆ ಹಾಕಿದ ಮೇಲೆ ಎರಡು ಮೂರು ವಾರ ಏನೂ ತೋರಲಿಲ್ಲ. ಇಂಜಿನ್ನು ನುಣುಪಾಗಿ ಓಡುತ್ತಿದೆ ಎಂದು ಹುಡುಗ ಫೋನಿನಲ್ಲಿ ಹೇಳಿದಾಗ ನಾವು ಬೀಗಿದೆವು. ಆಮೇಲೊಂದು ದಿನ ತಾಯಿಯನ್ನು ಕೂರಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಹೊರಟ. ಕೃಷ್ಣರಾಜನಗರ ದಾಟಿ ಇಲವಾಲದ ಕಡೆಗೆ ಹೋಗುವಾಗ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು. ಎದುರು ರಸ್ತೆ ಖಾಲಿ ಇದ್ದುದನ್ನು ನೋಡಿ ಅದನ್ನು ಹಿಂದಿಕ್ಕಲು ಬಲಕ್ಕೆ ಬಂದು ಆಕ್ಸಿಲರೇಟರ್ ತಿರುವಿದ. ಇಂಜಿನ್ನು ಕಿರುಚಿತು, ಗಾಡಿ ಮುಂದಕ್ಕೆ ನುಗ್ಗಲಿಲ್ಲ. ಇನ್ನಷ್ಟು ತಿರುವಿದ, ಸದ್ದು ಹೆಚ್ಚಿತೇ ಹೊರತು ವೇಗ ಹೆಚ್ಚಲಿಲ್ಲ. ಟ್ರ್ಯಾಕ್ಟರಿನ ಎರಡು ಟ್ರೇಲರುಗಳ ಪಕ್ಕದಲ್ಲಿ, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಸರಿಯಲಾರದೆ ಇರುವಾಗ ತಿರುವಿನಿಂದ ಬಸ್ಸು ಬಂತು. ಹುಡುಗನ ಬುದ್ಧಿ ಚುರುಕಾಗಿತ್ತು. ಬಲಗಡೆಯ ಮಣ್ಣಿಗೆ ಇಳಿಸಿ, ಹಳ್ಳದ ಅಂಚಿನಲ್ಲಿ ಗಾಡಿಯೊಡನೆ ಉರುಳಿದ. ಅವನ ಮೊಣಕೈ ತರೆದುಹೋಯಿತು. ತಾಯಿಗೆ ಹುಲ್ಲಿನ ಮೇಲೆ ಬಿದ್ದುದರಿಂದ ಹೆಚ್ಚೇನೂ ಆಗಲಿಲ್ಲ, ಆದರೆ ಆ ದಿನ ಅವರು ಆಸ್ಪತ್ರೆಗೆ ಹೋದದ್ದು ಬೇರೆಯ ಕಾರಣಕ್ಕೆ. ಸುದ್ದಿ ತಿಳಿದು ನಾವು ಓಡಿ ಹೋದಾಗ ಆಕೆ, "ಏನೂ ಆಗಲಿಲ್ಲ ಭಾವ, ಗಾಡಿ ಯಾಕೋ ಮೊಂಡು ಹಿಡೀತು" ಎಂದರು. ಅದು ಏಕೆ ಮೊಂಡು ಹಿಡಿಯಿತೆಂದು ನಮಗಿನ್ನೂ ತಿಳಿದಿರಲಿಲ್ಲ.

ಕೃಷ್ಣರಾಜನಗರದ ಗ್ಯಾರೇಜೊಂದರ ಹಿರಿಯ ಮೇಸ್ತ್ರಿಯೊಬ್ಬರು ತಿಳಿಸಿದರು. ಮೊದಲು ಜಾವಾ, ಯೆಜ್ಡಿಗಳನ್ನೇ ರಿಪೇರಿ ಮಾಡುತ್ತಿದ್ದವರು. ಎಣ್ಣೆಯ ಡಬ್ಬಿ ತರಿಸಿ ನೋಡಿದರು, ನಮ್ಮ ಮುಖ ನೋಡಿದರು. "ಸ್ವಾಮಿ, ಜಾವಾದಲ್ಲಿ ಇಂಜಿನ್ನಿನ ಎಣ್ಣೆ ಬೇರೆ, ಗೇರುಪೆಟ್ಟಿಗೆಯ ಎಣ್ಣೆ ಬೇರೆ. ಇಬ್ಬರದೂ ಬೇರೆ ಬೇರೆ ಮನೆ. ಇದರಲ್ಲಿ ಎಲ್ಲರಿಗೂ ಒಂದೇ ಒಲೆ" ಎಂದರು. ನಲವತ್ತು ವರ್ಷ ಪಾಠ ಹೇಳಿದ ನಮಗೆ ಅಷ್ಟು ಚೊಕ್ಕವಾಗಿ ಪಾಠ ಹೇಳಿದವರು ಕಡಿಮೆ.

ವಿಷಯ ಇಷ್ಟು. ಕಾರಿನಲ್ಲಿ ಇಂಜಿನ್ನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಇನ್ನೊಂದು ಎಣ್ಣೆ. ಸಾಮಾನ್ಯ ಗೇರಿನ ಕಾರುಗಳಲ್ಲಿ ಕ್ಲಚ್ಚು ಒಣಗಿರುತ್ತದೆ, ಎಣ್ಣೆ ಅದನ್ನು ಮುಟ್ಟುವುದಿಲ್ಲ. ಈಗಿನ ಸಾಮಾನ್ಯ ಬೈಕಿನಲ್ಲಾದರೋ ಇಂಜಿನ್ನು, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮೀಯುತ್ತವೆ. ಇಂಜಿನ್ನಿಗೂ ಗೇರಿಗೂ ಬೇಕಾದದ್ದು ಜಾರುವಿಕೆ. ಕ್ಲಚ್ಚಿಗೆ ಬೇಕಾದದ್ದು ಹಿಡಿತ. ಅದರೊಳಗೆ ಬಿಲ್ಲೆಗಳ ಒಂದು ಅಟ್ಟಿ ಇರುತ್ತದೆ. ಅವು ಒಂದನ್ನೊಂದು ಒತ್ತಿ ಹಿಡಿದರೆ ಮಾತ್ರ ಇಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ತಲುಪುತ್ತದೆ. ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಪೆಟ್ರೋಲು ಉಳಿಯಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಕಾರಿಗೆ ಅದು ಗುಣ. ಬೈಕಿನ ಕ್ಲಚ್ಚಿನ ಬಿಲ್ಲೆಗೆ ಅದೇ ದೋಷ: ಭಾರ ಬಿದ್ದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಇಂಜಿನ್ನು ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಒಬ್ಬನೇ ನಿಧಾನವಾಗಿ ಹೋಗುವಾಗ ಇದು ಗೊತ್ತಾಗುವುದಿಲ್ಲ. ಇಬ್ಬರು ಕುಳಿತು, ಏರಿನಲ್ಲಿ ಅಥವಾ ಇನ್ನೊಂದು ವಾಹನವನ್ನು ಹಿಂದಿಕ್ಕುವಾಗ, ಎಂದರೆ ಶಕ್ತಿ ನಿಜವಾಗಿ ಬೇಕಾದಾಗಲೇ, ಅದು ಕೈಕೊಡುತ್ತದೆ. ಬಿಲ್ಲೆಗಳು ಮೊದಲೇ ಅರ್ಧ ಸವೆದಿದ್ದುವೆಂದೂ ಎಣ್ಣೆ ಉಳಿದರ್ಧವನ್ನು ಮುಗಿಸಿತೆಂದೂ ಮೇಸ್ತ್ರಿಯವರು ನಮ್ಮ ಸಮಾಧಾನಕ್ಕೆ ಹೇಳಿದರು. ನಮಗೆ ಸಮಾಧಾನವಾಗಲಿಲ್ಲ. ಎಣ್ಣೆ ಬಸಿದು, ಬಿಲ್ಲೆ ಬದಲಿಸಿ, ಸರಿಯಾದ ಎಣ್ಣೆ ತುಂಬಿದ ಖರ್ಚನ್ನು ನಾವೇ ಕೊಟ್ಟೆವು.

ಡಬ್ಬಿಯನ್ನು ಓದುವ ಬಗೆ

ಎಣ್ಣೆಯ ಡಬ್ಬಿಯ ಮೇಲೆ ಮೂರು ಗುರುತುಗಳನ್ನು ನೋಡಬೇಕು. ಉಳಿದದ್ದೆಲ್ಲ ಹೆಚ್ಚಾಗಿ ಚಿತ್ರ, ಜಾಹೀರಾತು.

ಮೊದಲನೆಯದು 20ಡಬ್ಲ್ಯೂ-50, 15ಡಬ್ಲ್ಯೂ-50, 10ಡಬ್ಲ್ಯೂ-30 ಎಂಬಂಥ ಅಂಕಿಗಳು. ಇದು ಎಣ್ಣೆಯ ಮಂದತೆ. ತುಪ್ಪ ಚಳಿಗೆ ಗಟ್ಟಿಯಾಗಿ ಬಿಸಿಗೆ ನೀರಾಗುವಂತೆ ಎಣ್ಣೆಯೂ ಬದಲಾಗುತ್ತದೆ. ಡಬ್ಲ್ಯೂ ಎಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನೂ ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತವೆ. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷೆ ಮಾಡುತ್ತಾರೆ, 10ಡಬ್ಲ್ಯೂವನ್ನು 25 ಡಿಗ್ರಿ ಕೆಳಗೆ. ನಮ್ಮಲ್ಲಿ ಪುಷ್ಯಮಾಸದ ಬೆಳಗಿನ ಜಾವಕ್ಕೂ ಅಂಥ ಚಳಿ ಇಲ್ಲ. ಆದ್ದರಿಂದ ಮೊದಲ ಅಂಕಿಯ ಬಗ್ಗೆ ಕಂಗೆಡಬೇಕಾಗಿಲ್ಲ. ಆದರೆ, ನಮ್ಮದು ಬಿಸಿಲಿನ ದೇಶ, ಮಂದವಾದಷ್ಟೂ ಒಳ್ಳೆಯದು ಎಂದು ಹೇಳುವ ಅಂಗಡಿಯವರ ಮಾತನ್ನೂ ನಂಬಬಾರದು. ತೆಳು ಎಣ್ಣೆಗಾಗಿ ಸಣ್ಣ ಸಂದು ಬಿಟ್ಟು ಮಾಡಿದ ಇಂಜಿನ್ನಿಗೆ ಮಂದ ಎಣ್ಣೆ ತಲುಪುವುದು ತಡವಾಗುತ್ತದೆ. ಗಾಳಿಯಿಂದ ತಂಪಾಗುವ ಸಣ್ಣ ಕ್ರೂಸರುಗಳಿಗೆ 20ಡಬ್ಲ್ಯೂ-50 ಅಥವಾ 15ಡಬ್ಲ್ಯೂ-50 ಹೇಳಿರುವುದು ಹೆಚ್ಚು. ನಿಮ್ಮ ಗಾಡಿಗೆ ಯಾವುದೆಂಬುದು ಗಾಡಿಯೊಡನೆ ಬಂದ ಕೈಪಿಡಿಯಲ್ಲಿದೆ. ಆ ಪುಸ್ತಕ ನಮ್ಮ ಮನೆಗಳಲ್ಲಿ ದೇವರ ಪಟದ ಹಿಂದೆಯೋ ಆಸನದ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿಯೋ ಇರುತ್ತದೆ; ಯಾರೂ ಅದನ್ನು ಬಿಚ್ಚಿರುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಆರ್‌ಸಿ ಪುಸ್ತಕದೊಡನೆ ಅದನ್ನೂ ಕೇಳಿ ಪಡೆಯಬೇಕು.

ಎರಡನೆಯದು ಎಪಿಐ ಎಂಬ ಅಕ್ಷರಗಳ ಮುಂದೆ ಎಸ್‌ಎಲ್, ಎಸ್‌ಎಂ, ಎಸ್‌ಎನ್ ಎಂಬ ಜೋಡಿ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ ಇದು; ಎಸ್ ಅಕ್ಷರ ಪೆಟ್ರೋಲ್ ಇಂಜಿನ್ನಿನದು, ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಕೈಪಿಡಿಯಲ್ಲಿ ಹೇಳಿರುವುದು ಅಥವಾ ಅದಕ್ಕಿಂತ ಹೊಸದು ಸಾಕು, ಮೂರನೆಯ ಗುರುತು ಸರಿಯಾಗಿದ್ದರೆ.

ಆ ಮೂರನೆಯದೇ ನಾವು ನೋಡದೆ ಹೋದದ್ದು. ಜಾಸೋ ಎಂಬ ಜಪಾನಿನ ಸಂಸ್ಥೆಯ ಗುರುತು: ಎಂಎ, ಎಂಎ1, ಎಂಎ2 ಅಥವಾ ಎಂಬಿ. ಕಾರಿನ ಎಣ್ಣೆಗಳು ಜಾರುತ್ತ ಹೋದಂತೆ ಬೈಕಿನ ಕ್ಲಚ್ಚುಗಳು ತೊಂದರೆಗೆ ಸಿಕ್ಕಿದ್ದರಿಂದಲೇ 1998ರಲ್ಲಿ ಈ ದರ್ಜೆಯನ್ನು ಏರ್ಪಡಿಸಿದರು. ಎಂಎ ಎಂದರೆ ಎಣ್ಣೆಯಲ್ಲಿ ಮೀಯುವ ಕ್ಲಚ್ಚಿಗೆ ಯೋಗ್ಯ. ಎಂಎ2 ಎಂದರೆ ಇನ್ನೂ ಹೆಚ್ಚಿನ ಹಿಡಿತ. ಎಂಬಿ ಎಂಬುದು ಘರ್ಷಣೆ ಕಡಿಮೆಯಿರುವ ಎಣ್ಣೆ. ಗೇರಿಲ್ಲದ ಸ್ಕೂಟರುಗಳ ಕ್ಲಚ್ಚು ಎಣ್ಣೆಯಲ್ಲಿ ಇಲ್ಲದ್ದರಿಂದ ಅವಕ್ಕೆ ನಡೆಯುತ್ತದೆ. ಮನೆಯಲ್ಲಿ ಮಗಳ ಸ್ಕೂಟರೂ ಮಗನ ಬೈಕೂ ಇದ್ದರೆ ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯುವ ಉಳಿತಾಯ ಬೇಡ. ನಾವು ಒಯ್ದ ಡಬ್ಬಿಯ ಮೇಲೆ ಜಾಸೋ ಎಂಬ ಹೆಸರೇ ಇರಲಿಲ್ಲ. ಇಲ್ಲದಿರುವುದೂ ಒಂದು ಗುರುತೆಂದು ನಮಗೆ ಯಾರು ಹೇಳಬೇಕಾಗಿತ್ತು? ಹುಡುಗ ಹೇಳಿದ್ದ.

ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್ ಎಂಬ ಭೇದದ ಬಗ್ಗೆ ಬಹಳ ವಾದವಿದೆ. ಸಿಂಥೆಟಿಕ್ ಎಣ್ಣೆ ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತದೆ, ಇದು ನಿಜ. ಊರಿನಿಂದ ಡೇರಿಗೂ ಡೇರಿಯಿಂದ ಗದ್ದೆಗೂ ಓಡಾಡುವ ಗಾಡಿಗೆ ಅದರಿಂದ ಬೆಲೆಗೆ ತಕ್ಕ ಲಾಭವಿದೆಯೆಂದು ನಮಗೆ ತೋರುವುದಿಲ್ಲ. ಕೈಪಿಡಿ ಸೆಮಿ ಸಿಂಥೆಟಿಕ್ ಎಂದು ಹೇಳಿದ್ದರೆ ಅದನ್ನು ಹಾಕಿರಿ. ಮಿನರಲ್ ಸಾಕೆಂದಿದ್ದರೆ, ಅದನ್ನೇ ಸಕಾಲಕ್ಕೆ ಬದಲಿಸುವುದು, ದುಬಾರಿ ಎಣ್ಣೆಯನ್ನು ಹಾಕಿ ಮರೆತುಬಿಡುವುದಕ್ಕಿಂತ ಎಷ್ಟೋ ಮೇಲು. ಬಿಡಿಯಾಗಿ ಪೀಪಾಯಿಯಿಂದ ಅಳೆದು ಕೊಡುವ ಎಣ್ಣೆಯನ್ನು ಮಾತ್ರ ಕೊಳ್ಳಬೇಡಿ. ಮುಚ್ಚಳದ ಸೀಲು ನೋಡಿ ಕೊಂಡು, ಖಾಲಿಯಾದ ಡಬ್ಬಿಯನ್ನು ಚಾಕುವಿನಿಂದ ಸೀಳಿ ಎಸೆಯಿರಿ. ಇಲ್ಲದಿದ್ದರೆ ಅದೇ ಡಬ್ಬಿ ನಕಲಿ ಎಣ್ಣೆ ತುಂಬಿಕೊಂಡು ಮತ್ತೆ ಬಂದೀತು.

ಯಾವಾಗ, ಹೇಗೆ

ಹೊಸ ಗಾಡಿಯಾದರೆ ಮೊದಲ ಸರ್ವಿಸನ್ನು, ಎಂದರೆ ಮೊದಲ ಕೆಲವು ನೂರು ಕಿಲೋಮೀಟರಿನ ನಂತರದ್ದನ್ನು, ತಪ್ಪಿಸಬಾರದು. ಹೊಸ ಲೋಹಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಬಿದ್ದ ಪುಡಿ ಆ ಎಣ್ಣೆಯಲ್ಲಿರುತ್ತದೆ. ಆಮೇಲೆ ಕೈಪಿಡಿ ಹೇಳಿದ ಅವಧಿ. ಅಲ್ಲಿ ಕಿಲೋಮೀಟರಿನೊಡನೆ ತಿಂಗಳುಗಳನ್ನೂ ಹೇಳಿರುತ್ತಾರೆ, ಯಾವುದು ಮೊದಲು ಬರುವುದೋ ಅದು. ನಮ್ಮವರು ಕಿಲೋಮೀಟರನ್ನು ಮಾತ್ರ ನೋಡುತ್ತಾರೆ. ಗಾಡಿ ಹೆಚ್ಚು ಓಡಿಲ್ಲವಲ್ಲ ಎಂದು ಒಂದೂವರೆ ವರ್ಷ ಅದೇ ಎಣ್ಣೆಯಲ್ಲಿ ಬಿಟ್ಟವರನ್ನು ಕಂಡಿದ್ದೇವೆ. ಅರ್ಧ ಮೈಲಿ ಹೋಗಿ ನಿಲ್ಲಿಸುವ ಗಾಡಿಯ ಇಂಜಿನ್ನು ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಹನಿಗಟ್ಟಿದ ನೀರೂ ಸುಡದೆ ಉಳಿದ ಪೆಟ್ರೋಲೂ ಆವಿಯಾಗದೆ ಎಣ್ಣೆಯಲ್ಲಿಯೇ ಸೇರುತ್ತವೆ. ಹತ್ತಿರದ ಓಡಾಟ ಎಣ್ಣೆಗೆ ದೂರದ ಪಯಣಕ್ಕಿಂತ ಕಷ್ಟ.

ತಿಂಗಳಿಗೆರಡು ಸಲ ಎಣ್ಣೆಯ ಮಟ್ಟ ನೋಡಬೇಕು. ಗಾಡಿಯನ್ನು ಪಕ್ಕದ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಲ್ಲಿಸಿ ನೋಡಿದರೆ ಮಟ್ಟ ಸುಳ್ಳು ಹೇಳುತ್ತದೆ. ಸಮತಟ್ಟಾದ ನೆಲದಲ್ಲಿ, ಇಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ನೆಟ್ಟಗೆ ಹಿಡಿದು ನೋಡಬೇಕು. ಗಾಜಿನ ಕಿಂಡಿಯಿದ್ದರೆ ಎರಡು ಗೆರೆಗಳ ನಡುವೆ ಇರಬೇಕು. ಅಳತೆಯ ಕಡ್ಡಿಯಿದ್ದರೆ ಒರೆಸಿ, ಅದ್ದಿ, ತೆಗೆದು ನೋಡಬೇಕು. ಕೆಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇರಿಸಿ ನೋಡಬೇಕೆಂದು ಹೇಳಿರುತ್ತಾರೆ. ಕಡಿಮೆಯಿದ್ದರೆ ಇಂಜಿನ್ನಿಗೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೇಡೇ: ನೊರೆಯೇಳುತ್ತದೆ, ಉಸಿರುಗೊಳವೆಯಿಂದ ಏರ್ ಫಿಲ್ಟರಿಗೆ ನುಗ್ಗುತ್ತದೆ, ಹೊಗೆ ಬರುತ್ತದೆ. ಪ್ರೀತಿಯಿಂದ ಇನ್ನೊಂದು ಸೌಟು ಬಡಿಸುವ ವಸ್ತುವಲ್ಲ ಇದು.

ಬಣ್ಣ ಕಪ್ಪಾದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆನ್ನಲಾಗದು. ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಳ್ಳುವುದೂ ಅದರ ಕೆಲಸವೇ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆರಳಿಗೆ ಹಚ್ಚಿ ಬಿಸಿಲಿನಲ್ಲಿ ಹಿಡಿದಾಗ ಬೆಳ್ಳಿಪುಡಿಯಂತೆ ಮಿನುಗಿದರೆ ಒಳಗೆ ಏನೋ ಸವೆಯುತ್ತಿದೆ. ಈ ಎರಡಕ್ಕೂ ತಡಮಾಡದೆ ಮೇಸ್ತ್ರಿಯ ಬಳಿಗೆ ಹೋಗಬೇಕು. ಬದಲಿಸುವಾಗ ಇಂಜಿನ್ನು ಬೆಚ್ಚಗಿದ್ದರೆ ಹಳೆಯದು ಪೂರ್ತಿ ಬಸಿಯುತ್ತದೆ. ಫಿಲ್ಟರನ್ನೂ ಅವಧಿಯಂತೆ ಬದಲಿಸಬೇಕು, ಅಡಿಯ ಬೋಲ್ಟಿನ ವಾಷರನ್ನು ಹೊಸದು ಹಾಕಬೇಕು. ಆ ಬೋಲ್ಟನ್ನು ಬಲ ತೋರಿಸಿ ತಿರುವಿ ಮರೆ ಕಿತ್ತುಹೋದರೆ ಹತ್ತು ರೂಪಾಯಿಯ ಕೆಲಸ ಸಾವಿರಕ್ಕೆ ಹೋಗುತ್ತದೆ.

ನಮ್ಮ ಭಾಗಕ್ಕೆ ಸೇರಿದ ಇನ್ನೆರಡು ಮಾತು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕುವುದು ತಪ್ಪೆಂದು ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ. ಆ ಹೊಟ್ಟು ಏರ್ ಫಿಲ್ಟರನ್ನು ಮುಚ್ಚುತ್ತದೆ, ಬಳ್ಳಿ ಗಾಲಿಯ ಅಚ್ಚಿಗೂ ಚೈನಿಗೂ ಸುತ್ತಿಕೊಳ್ಳುತ್ತದೆ. ಸುಗ್ಗಿ ಮುಗಿದೊಡನೆ ಫಿಲ್ಟರನ್ನು ತೆಗೆಸಿ ನೋಡಿರಿ. ಕಾಗದದ್ದಾದರೆ ತೊಳೆಯಬಾರದು, ಬದಲಿಸಬೇಕು. ಮುಂಗಾರಿನಲ್ಲಿ ಗದ್ದೆಯಿಂದ ಏರಿ ಬಂದ ಟ್ರ್ಯಾಕ್ಟರು ರಸ್ತೆಯಲ್ಲೆಲ್ಲ ಕೆಸರು ಬಿಡುತ್ತದೆ. ಕ್ರೂಸರಿನ ಚೈನು ಉದ್ದ, ಅದು ಆ ಕೆಸರನ್ನೆಲ್ಲ ಹೊತ್ತುಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒರೆಸಿ, 90ರ ಗೇರ್ ಆಯಿಲನ್ನೋ ಚೈನಿಗೆಂದೇ ಬರುವ ಸ್ಪ್ರೇಯನ್ನೋ ಒಳಬದಿಗೆ ತೆಳುವಾಗಿ ಹಾಕಬೇಕು. ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಚೈನಿಗೆ ಸುರಿಯುವ ಪದ್ಧತಿ ಬಹಳ ಕಡೆ ಇದೆ. ಅದರಲ್ಲಿರುವ ಲೋಹದ ಪುಡಿ ಚೈನನ್ನು ಅರದಂತೆ ತಿನ್ನುತ್ತದೆ.

ಆ ಹಳೆಯ ಎಣ್ಣೆಯದು ಬೇರೆಯೇ ಕಥೆ. ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದಂತೆ ಅದನ್ನು ಬಳಿಯುವುದನ್ನು ಎಲ್ಲರೂ ಬಲ್ಲರು. ರಾಸುಗಳ ಮೈಗೆ ಉಣ್ಣೆ ಹತ್ತದಿರಲೆಂದು ಸವರುವವರನ್ನೂ ನೋಡಿದ್ದೇವೆ. ಸುಟ್ಟ ಎಣ್ಣೆಯಲ್ಲಿ ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಹಸು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಅದು ಎಲ್ಲೆಂದರಲ್ಲಿ ಚೆಲ್ಲಬಾರದ ವಸ್ತು. ನಾಲೆಯ ಬದಿಯಲ್ಲಿ ಬಸಿದರೆ ಅದು ನಾಲೆಗೇ ಹೋಗುತ್ತದೆ, ನಾಲೆಯ ನೀರು ಗದ್ದೆಗೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಹಿಂದಿರುಗಿಸಿದರೆ ಅವರು ಸಂಗ್ರಹಿಸುವವರಿಗೆ ಕೊಡುತ್ತಾರೆ. ಎಣ್ಣೆ ಬದಲಿಸಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದೆಂದು ಮಕ್ಕಳಿಗೆ ಹೇಳಿರಿ.

ಈ ಲೇಖನ ಬರೆಯುವ ಮುನ್ನ ಮತ್ತೊಮ್ಮೆ ಮಿರ್ಲೆಗೆ ಹೋಗಿದ್ದೆವು. ಬೆಳಿಗ್ಗೆ ಅಂಗಳದಲ್ಲಿ ನಮ್ಮ ತಮ್ಮನ ಹೆಂಡತಿ ಎರಡು ಕೈಯಲ್ಲಿ ಹ್ಯಾಂಡಲ್ಲು ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡಿದ್ದರು, ಮಗ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಕಿಂಡಿಯಲ್ಲಿ ನೋಡುತ್ತಿದ್ದ. "ಎಷ್ಟಿದೆ?" ಎಂದು ಕೇಳಿದೆವು. "ಎರಡು ಗೆರೆ ಮಧ್ಯೆ ಇದೆ ದೊಡ್ಡಪ್ಪ" ಎಂದ. ನಾವು ಒಯ್ದಿದ್ದ ಡಬ್ಬಿಯಲ್ಲಿ ಮಿಕ್ಕಿದ್ದ ಎಣ್ಣೆಯನ್ನು ಏನು ಮಾಡಿದಿರೆಂದು ಕೇಳುವ ಧೈರ್ಯ ಅಂದು ಬಂತು. ಹೆಬ್ಬಾಗಿಲಿನ ಕೀಲುಗಳಿಗೆ ಹಾಕಿದ್ದಾರಂತೆ. ಬಾಗಿಲು ಈಗ ಸದ್ದಿಲ್ಲದೆ ತೆರೆಯುತ್ತದೆ.